ಪಿಟೀಲಿನ ಕಮಾನು ಮತ್ತು ಸ್ಕೂಟರಿನ ನಡುಕ

ಗೇರಿಲ್ಲದ ಸ್ಕೂಟರು ಸಿಗ್ನಲ್‌ನಲ್ಲಿ ನಿಂತು ಮತ್ತೆ ಹೊರಡುವ ಕ್ಷಣದಲ್ಲಿ ಗಡಗಡನೆ ಅದುರಿ, ಹತ್ತು ಮಾರು ಹೋಗುವಷ್ಟರಲ್ಲಿ ಏನೂ ಆಗಿಲ್ಲವೆಂಬಂತೆ ನಯವಾಗಿ ಓಡತೊಡಗುವುದೇಕೆ ಎಂಬುದು ಗ್ಯಾರೇಜುಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆ. ‘ಕ್ಲಚ್ ಹೋಗಿದೆ, ಸೆಟ್ ಬದಲಿಸಬೇಕು’ ಎಂಬ ಸಿದ್ಧ ಉತ್ತರ ಕೆಲವೊಮ್ಮೆ ಸರಿಯೂ ಆಗಿರುತ್ತದೆ. ಆದರೆ ನಡುಕವು ಜ್ವರದಂತೆ ಒಂದು ಲಕ್ಷಣವೇ ಹೊರತು ರೋಗವಲ್ಲವಾದ್ದರಿಂದ, ಅದು ಯಾವಾಗ ಹುಟ್ಟುತ್ತದೆ, ಯಾವುದರೊಂದಿಗೆ ಏರುತ್ತದೆ, ಯಾವಾಗ ಅಡಗುತ್ತದೆ ಎಂಬುದನ್ನು ಗಮನಿಸದೆ ಬಿಡಿಭಾಗ ಬದಲಿಸುವುದು ನಾಡಿ ನೋಡದೆ ಮದ್ದು ಕೊಟ್ಟಂತಾಗುತ್ತದೆ.

ಸ್ಕೂಟರಿನ ನಾಡಿ ಎಂದರೆ ಅದರ ಕಂಪನದ ಆವೃತ್ತಿ, ಅಂದರೆ ಒಂದು ಸೆಕೆಂಡಿನಲ್ಲಿ ಎಷ್ಟು ಬಾರಿ ಅದುರುತ್ತದೆ ಎಂಬ ಲೆಕ್ಕ. ಅನೇಕ ಸ್ಕೂಟರುಗಳ ಟೈರಿನ ಮೇಲೆ 90/100-10 ಎಂಬ ಬರಹವಿರುತ್ತದೆ. ಟೈರಿನ ಅಗಲ 90 ಮಿ.ಮೀ., ಎತ್ತರ ಅದರ ನೂರಕ್ಕೆ ನೂರು ಭಾಗ, ರಿಮ್ಮಿನ ವ್ಯಾಸ 10 ಇಂಚು ಎಂಬುದು ಅದರ ಅರ್ಥ. ಇಂಥ ಚಕ್ರ ಒಂದು ಸುತ್ತಿಗೆ ಸುಮಾರು 1.36 ಮೀಟರ್ ದೂರ ಕ್ರಮಿಸುವುದರಿಂದ ಗಂಟೆಗೆ 40 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 8 ಸುತ್ತು ಸುತ್ತುತ್ತದೆ. ನಿಮಿಷಕ್ಕೆ 6000 ಸುತ್ತು ತಿರುಗುವ ಎಂಜಿನ್ನಾದರೋ ಅದೇ ಸೆಕೆಂಡಿನಲ್ಲಿ 100 ಬಾರಿ ಸುತ್ತಿರುತ್ತದೆ. ಹೀಗಾಗಿ ಚಕ್ರದ ದೋಷವು ಹ್ಯಾಂಡಲನ್ನೂ ಸೀಟನ್ನೂ ಕುಲುಕಿದಂತೆ ಒರಟಾಗಿ ತಿಳಿದುಬಂದರೆ, ಎಂಜಿನ್ನಿನ ದೋಷವು ಅಂಗೈ ಜೋಮು ಹಿಡಿಸುವ ಸಣ್ಣ ಝುಮ್ಮಾಗಿ ತಿಳಿದುಬರುತ್ತದೆ.

ಚಕ್ರದ ಕಂಪನ ಎಂಜಿನ್ನಿನ ಮಾತು ಕೇಳದೆ ವೇಗವನ್ನಷ್ಟೇ ಹಿಂಬಾಲಿಸುತ್ತದೆ. ಟೈರಿನ ಒಂದು ಕಡೆ, ನಡುವಿನಿಂದ 20 ಸೆಂ.ಮೀ. ದೂರದಲ್ಲಿ 20 ಗ್ರಾಂ ಹೆಚ್ಚು ಭಾರವಿದ್ದರೆ, ಗಂಟೆಗೆ 30 ಕಿ.ಮೀ. ವೇಗದಲ್ಲಿ ಅದು ಚಕ್ರವನ್ನು ಸುಮಾರು 600 ಗ್ರಾಂ ತೂಕದಷ್ಟು ಬಲದಿಂದ ಹೊರಕ್ಕೆ ಎಳೆಯುತ್ತದೆ. ವೇಗ ಇಮ್ಮಡಿಯಾದರೆ ಬಲ ನಾಲ್ಮಡಿಯಾಗುವುದರಿಂದ 60 ಕಿ.ಮೀ. ವೇಗದಲ್ಲಿ ಆ ಎಳೆತ ಸುಮಾರು 2.4 ಕಿಲೋ ತೂಕಕ್ಕೆ ಸಮನಾಗುತ್ತದೆ. ಬೆಂಡಾದ ರಿಮ್ಮು, ಉಬ್ಬಿದ ಟೈರು, ಸವೆದ ಚಕ್ರದ ಬೇರಿಂಗ್, ಹ್ಯಾಂಡಲಿನ ಬುಡದಲ್ಲಿ ಸಡಿಲಗೊಂಡ ಕೋನ್ ಸೆಟ್ ಇವೆಲ್ಲ ಇದೇ ಗುಂಪಿಗೆ ಸೇರಿದವು. ಖಾಲಿ ರಸ್ತೆಯಲ್ಲಿ ಆಕ್ಸಿಲರೇಟರನ್ನು ಬಿಟ್ಟ ಮೇಲೂ ನಡುಕ ಹಾಗೆಯೇ ಉಳಿದು, ವೇಗ ಇಳಿದಂತೆಲ್ಲ ತಾನೂ ನಿಧಾನಗೊಂಡರೆ ಎಂಜಿನ್ನನ್ನು ಬಿಚ್ಚುವ ಅಗತ್ಯವಿಲ್ಲ.

ಎಂಜಿನ್ನಿನ ಕಂಪನವಂತೂ ದೋಷವಿಲ್ಲದೆಯೂ ಇರುವಂಥದು. 110 ಸಿಸಿ ವರ್ಗದ ಎಂಜಿನ್ನಿನಲ್ಲಿ ಪಿಸ್ಟನ್ ಸುಮಾರು 55 ಮಿ.ಮೀ. ಉದ್ದಕ್ಕೆ ಹಿಂದುಮುಂದಾಗುತ್ತದೆ, ನಿಮಿಷಕ್ಕೆ 6000 ಸುತ್ತಿನಲ್ಲಿ ಪ್ರತಿ ಸಲ ತುದಿ ಮುಟ್ಟಿ ದಿಕ್ಕು ಬದಲಿಸುವಾಗ ಅದರ ವೇಗೋತ್ಕರ್ಷ ಗುರುತ್ವದ ಸುಮಾರು ಸಾವಿರ ಪಟ್ಟಾಗುವುದರಿಂದ, ನೂರು ಗ್ರಾಂ ಪಿಸ್ಟನ್ ಆ ಕ್ಷಣದಲ್ಲಿ ಸುಮಾರು ನೂರು ಕಿಲೋ ಭಾರದಂತೆ ಜಗ್ಗುತ್ತದೆ. ಒಂದೇ ಸಿಲಿಂಡರಿನ ಎಂಜಿನ್ನಿನಲ್ಲಿ ಕ್ರ್ಯಾಂಕಿಗೆ ಸೇರಿಸಿದ ಎದುರುಭಾರವು ಈ ಜಗ್ಗಾಟದ ಒಂದು ಪಾಲನ್ನು ಮಾತ್ರ ತೀರಿಸಬಲ್ಲದು. ಉಳಿದುದನ್ನು ಎಂಜಿನ್ ತೂಗುಹಾಕಿರುವ ಹ್ಯಾಂಗರಿನ ರಬ್ಬರ್ ಬುಷ್‌ಗಳು ನುಂಗಿಕೊಳ್ಳಬೇಕು. ರಬ್ಬರು ಗಟ್ಟಿಯಾಗಿಯೋ ಹರಿದೋ ಹೋದಾಗ, ಎಂದಿನಿಂದಲೂ ಇದ್ದ ಕಂಪನವೇ ಕಾಲಿಡುವ ಜಾಗದವರೆಗೆ ಬಂದು ಹೊಸ ರೋಗದಂತೆ ತೋರುತ್ತದೆ. ನಿಂತಲ್ಲೇ ಎಂಜಿನ್ ತಾಳ ತಪ್ಪಿ ಕುಲುಕುವುದು ಬೇರೆಯೇ ಸಂಗತಿ: ಅಲ್ಲಿ ನೋಡಬೇಕಾದದ್ದು ಸ್ಪಾರ್ಕ್ ಪ್ಲಗ್ ಮತ್ತು ಇಂಧನದ ಹಾದಿ.

ಮೊದಲ ಪ್ರಶ್ನೆಯ ನಡುಕ ಈ ಎರಡೂ ಗುಂಪಿಗೆ ಸೇರದು, ಏಕೆಂದರೆ ಅದು ಹೊರಡುವಾಗ ಮಾತ್ರ ಬರುತ್ತದೆ. ಗೇರಿಲ್ಲದ ಸ್ಕೂಟರಿನಲ್ಲಿ ಎಂಜಿನ್ನಿನ ವೇಗ ಏರಿದಂತೆ ಕೇಂದ್ರಾಪಗಾಮಿ ಬಲ, ಅಂದರೆ ಸುತ್ತುವ ವಸ್ತುವನ್ನು ನಡುವಿನಿಂದ ಹೊರಕ್ಕೆ ಒಯ್ಯುವ ಎಳೆತ, ಕ್ಲಚ್ಚಿನ ಶೂಗಳನ್ನು ಅರಳಿಸಿ, ಅವುಗಳ ಸುತ್ತಲಿರುವ ಬಟ್ಟಲಿನಾಕಾರದ ಕ್ಲಚ್ ಬೆಲ್ಲಿಗೆ ಒತ್ತುತ್ತದೆ; ಬೆಲ್ಲು ತಿರುಗಿದರೆ ಹಿಂದಿನ ಚಕ್ರ ತಿರುಗುತ್ತದೆ. ಶೂ ಸುತ್ತುತ್ತಿದ್ದು ಬೆಲ್ಲು ಇನ್ನೂ ನಿಂತಿರುವ ಆ ಒಂದೆರಡು ಸೆಕೆಂಡುಗಳ ಉಜ್ಜಾಟದಲ್ಲೇ ಇಡೀ ಸಮಸ್ಯೆ ಅಡಗಿದೆ.

ಅಂಟಿ ನಿಂತ ವಸ್ತುವನ್ನು ಕದಲಿಸಲು ಬೇಕಾದ ಬಲ, ಕದಲಿದ ಮೇಲೆ ಜಾರಿಸುತ್ತಿರಲು ಬೇಕಾದ ಬಲಕ್ಕಿಂತ ಸಾಮಾನ್ಯವಾಗಿ ಹೆಚ್ಚು. ಮೊದಲನೆಯದು ಸ್ಥಿರ ಘರ್ಷಣೆ, ಎರಡನೆಯದು ಚಲನ ಘರ್ಷಣೆ. ಇವೆರಡರ ಅಂತರ ದೊಡ್ಡದಾದರೆ, ಹಿಡಿದದ್ದು ಒಮ್ಮೆಲೇ ಜಾರುತ್ತದೆ, ಜಾರಿದ್ದು ಮತ್ತೆ ಹಿಡಿಯುತ್ತದೆ. ಇದರ ಅತ್ಯಂತ ಸುಂದರ ಉದಾಹರಣೆ ಪಿಟೀಲು. ರಾಳ ಸವರಿದ ಕಮಾನು ಒಂದೇ ವೇಗದಲ್ಲಿ ಸಾಗುತ್ತಿದ್ದರೂ ತಂತಿ ಅದಕ್ಕೆ ಅಂಟಿಕೊಂಡು ಸ್ವಲ್ಪ ದೂರ ಸಾಗುತ್ತದೆ, ಬಿಗಿತ ಮೀರಿದಾಗ ಜಾರಿ ಹಿಂದಕ್ಕೆ ಚಿಮ್ಮುತ್ತದೆ, ಕೂಡಲೇ ಮತ್ತೆ ಅಂಟಿಕೊಳ್ಳುತ್ತದೆ. ಸೆಕೆಂಡಿಗೆ ನೂರಾರು ಬಾರಿ ನಡೆಯುವ ಈ ಹಿಡಿದು ಜಾರುವ ಆಟವೇ ಕಿವಿಗೆ ನಾದವಾಗುತ್ತದೆ. ಇಲ್ಲಿ ಮುಖ್ಯವಾದುದು ಸ್ವರವನ್ನು ನಿರ್ಧರಿಸುವವರು ಯಾರು ಎಂಬುದು: ಕಮಾನು ಶಕ್ತಿಯನ್ನು ಒದಗಿಸುತ್ತದೆಯಷ್ಟೆ, ಸ್ವರ ತಂತಿಯದು.

ಈ ವಿದ್ಯಮಾನದ ಅಧ್ಯಯನಕ್ಕೆ ಘನವಾದ ಪರಂಪರೆಯಿದೆ. ಫ್ರಾನ್ಸಿನ ಸೇನಾ ಎಂಜಿನಿಯರ್ ಕೂಲಂಬ್ 1781ರ ತನ್ನ ಪ್ರಬಂಧದಲ್ಲಿ, ಎರಡು ಮೇಲ್ಮೈಗಳು ಹೆಚ್ಚು ಹೊತ್ತು ಒತ್ತಿ ನಿಂತಷ್ಟೂ ಅವುಗಳ ಸ್ಥಿರ ಘರ್ಷಣೆ ಹೆಚ್ಚಬಲ್ಲದೆಂದು ತೋರಿಸಿದ. 19ನೆಯ ಶತಮಾನದ ಮಧ್ಯಭಾಗದಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್, ಕಮಾನು ಎಳೆದ ತಂತಿಯ ಮೇಲೆ ಒಂದು ಚೂಪು ಮಡಿಕೆ ಅತ್ತಿಂದಿತ್ತ ಓಡುತ್ತಿರುತ್ತದೆಂಬುದನ್ನು ಸೂಕ್ಷ್ಮದರ್ಶಕದ ಮೂಲಕ ಗುರುತಿಸಿದ. ಇದನ್ನು ಗಣಿತದ ಗಟ್ಟಿ ನೆಲೆಗೆ ತಂದವರು ಸಿ. ವಿ. ರಾಮನ್. 1917ರವರೆಗೆ ಕಲ್ಕತ್ತೆಯ ಸರ್ಕಾರಿ ಹಣಕಾಸು ಇಲಾಖೆಯಲ್ಲಿ ನೌಕರಿ ಮಾಡುತ್ತ, ಬಿಡುವಿನ ವೇಳೆಯಲ್ಲಿ ಭಾರತೀಯ ವಿಜ್ಞಾನ ಸಂವರ್ಧನ ಸಂಘದ ಪ್ರಯೋಗಶಾಲೆಯಲ್ಲಿ ದುಡಿದ ಅವರು, 1916ರಲ್ಲಿ ಪಿಟೀಲು ಮತ್ತು ಚೆಲ್ಲೊ ವಾದ್ಯಗಳ ‘ತೋಳ ಸ್ವರ’ವನ್ನು ಕುರಿತು ಬರೆದರು, ತಂತಿಯ ಆವೃತ್ತಿ ವಾದ್ಯದ ಒಡಲಿನ ಆವೃತ್ತಿಗೆ ಕೂಡಿಬಂದಾಗ ನಾದ ನಿಲ್ಲಲಾರದೆ ನಡುಗುವುದಕ್ಕೆ ಆ ಹೆಸರು. 1918ರಲ್ಲಿ ಕಮಾನು ಎಳೆದ ತಂತಿಗಳ ಕಂಪನದ ಯಾಂತ್ರಿಕ ಸಿದ್ಧಾಂತವನ್ನು ಪ್ರಕಟಿಸಿದ ಅವರು, ಮುಂದೆ ಯಂತ್ರದಿಂದಲೇ ಪಿಟೀಲು ನುಡಿಸಿ ಕಮಾನಿನ ಒತ್ತಡ ಎಷ್ಟಿರಬೇಕೆಂದು ಅಳೆದರು. 1933ರಲ್ಲಿ ಬೆಂಗಳೂರಿಗೆ ಬಂದು ಕೊನೆಯವರೆಗೂ ಇಲ್ಲೇ ನೆಲೆಸಿದ ರಾಮನ್ ಎಂದರೆ ಬೆಳಕಿನ ಚದುರಿಕೆ ಮಾತ್ರ ನೆನಪಾಗುವುದು ಸಹಜ. ಆದರೆ ಇಂದು ಬೆಂಗಳೂರಿನ ಬೀದಿಯಲ್ಲಿ ನಡುಗುತ್ತ ಹೊರಡುವ ಸ್ಕೂಟರಿಗೆ ಹತ್ತಿರವಾದುದು ಅವರ ಪಿಟೀಲಿನ ಕೆಲಸ.

ಏಕೆಂದರೆ ಕ್ಲಚ್ಚಿನಲ್ಲಿ ಶೂ ಕಮಾನಿನ ಪಾತ್ರ ವಹಿಸಿದರೆ, ಬೆಲ್ಲು, ಚಕ್ರ, ಟೈರು, ರಬ್ಬರ್ ಬುಷ್‌ಗಳೆಲ್ಲ ಸೇರಿ ತಂತಿಯ ಪಾತ್ರ ವಹಿಸುತ್ತವೆ. ಆದ್ದರಿಂದಲೇ ಈ ನಡುಕದ ಲಯ ಎಂಜಿನ್ನಿನ ವೇಗದೊಂದಿಗೂ ಚಕ್ರದ ವೇಗದೊಂದಿಗೂ ಏರದೆ ಹೆಚ್ಚುಕಡಿಮೆ ಒಂದೇ ತೆರನಾಗಿದ್ದು, ಕ್ಲಚ್ಚು ಪೂರ್ತಿ ಹಿಡಿದೊಡನೆ ಫಕ್ಕನೆ ನಿಲ್ಲುತ್ತದೆ. ದಟ್ಟಣೆಯಲ್ಲಿ ಅರೆ ಆಕ್ಸಿಲರೇಟರಿನಲ್ಲಿ ತೆವಳಿದಾಗ ಶೂಗಳು ಕಾದು ಗಾಜಿನಂತೆ ಹೊಳಪು ಹತ್ತಬಹುದು, ಬೆಲ್ಲಿನೊಳಗೆ ಶೂಗಳ ಪುಡಿ ತುಂಬಬಹುದು, ಸೀಲು ಸೋರಿ ಎಣ್ಣೆ ಹನಿಯಬಹುದು. ಮೂರೂ ಘರ್ಷಣೆಯ ಗುಣವನ್ನೇ ಬದಲಿಸುತ್ತವೆ. ರಾತ್ರಿಯೆಲ್ಲ ಮಳೆಯಲ್ಲಿ ನಿಂತ ಸ್ಕೂಟರಿನ ಬೆಲ್ಲಿನ ಒಳಮೈಗೆ ತೆಳ್ಳನೆಯ ತುಕ್ಕು ಹಿಡಿದಿದ್ದರೆ, ನಾಲ್ಕಾರು ಸಲ ಹೊರಟು ನಿಂತ ಮೇಲೆ ಅದು ಉಜ್ಜಿಹೋಗಿ ನಡುಕ ತಾನಾಗಿಯೇ ಮಾಯವಾಗುತ್ತದೆ. ಅಂಥದಕ್ಕೆ ಹೊಸ ಕ್ಲಚ್ಚಿನ ಖರ್ಚು ವ್ಯರ್ಥ. ಬೆಲ್ಲು ತನ್ನ ದುಂಡುತನ ಕಳೆದುಕೊಂಡಿದ್ದರೆ ಮಾತ್ರ ಬದಲಾವಣೆಯಲ್ಲದೆ ಹಾದಿಯಿಲ್ಲ.

ಹೊರಟ ಮೇಲೆ, ನಡುವೇಗದಲ್ಲಿ ಬರುವ ಎಳೆದು ಬಿಟ್ಟಂಥ ಅನುಭವಕ್ಕೆ ಮುಂಭಾಗದ ವೇರಿಯೇಟರನ್ನು ತೆರೆದು ನೋಡಬೇಕಾಗುತ್ತದೆ. ಅದರೊಳಗಿನ ದುಂಡು ರೋಲರುಗಳು ಹೊರಕ್ಕೆ ಉರುಳುತ್ತ ಬೆಲ್ಟನ್ನು ಮೇಲೇರಿಸಿ ಗೇರಿನ ಕೆಲಸ ಮಾಡುತ್ತವೆ. ಒಂದು ಮಗ್ಗುಲು ಚಪ್ಪಟೆಯಾಗಿ ಸವೆದ ರೋಲರು ಉರುಳದೆ ತಡೆದು ನಿಂತು, ಆಮೇಲೆ ಜಿಗಿಯುತ್ತದೆ. ಸವೆದ ಬೆಲ್ಟಿನ ಅಗಲವನ್ನು ವರ್ನಿಯರಿನಿಂದ ಅಳೆದು ತಯಾರಕರು ಕೊಟ್ಟ ಮಿತಿಗೆ ಹೋಲಿಸಿದರೆ ಊಹೆಗೆ ಎಡೆಯಿರದು.

ಹೊರಡುವಾಗಿನ ಕ್ಲಚ್ಚಿನ ನಡುಕಕ್ಕೆ ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ನಡೆಯುವ ಚಿಕಿತ್ಸೆ ಎಮರಿ ಕಾಗದದಿಂದ ಶೂಗಳನ್ನೂ ಬೆಲ್ಲಿನ ಒಳಮೈಯನ್ನೂ ಉಜ್ಜುವುದು. ಹೊಳಪು ತೆಗೆದು ಘರ್ಷಣೆಯನ್ನು ಸಮಗೊಳಿಸುವ ಆ ಕೆಲಸ ವಿಜ್ಞಾನಕ್ಕೆ ಪೂರ್ತಿ ಒಪ್ಪುವಂಥದೇ. ಅಲ್ಲಿನ ಪುಡಿಯನ್ನು ಗಾಳಿ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸುವುದು ಶ್ವಾಸಕೋಶಕ್ಕೆ ಕ್ಷೇಮ. ಆದರೆ ಸೋರುವ ಸೀಲನ್ನು ಹಾಗೆಯೇ ಬಿಟ್ಟು ಶೂಗಳನ್ನಷ್ಟೇ ಉಜ್ಜಿದರೆ ಎಣ್ಣೆ ಮತ್ತೆ ಇಳಿಯುತ್ತದೆ, ನಡುಕ ಮತ್ತೆ ಬರುತ್ತದೆ. ಅಪಸ್ವರ ಬಂದಾಗ ಪಿಟೀಲು ವಾದಕರು ವಾದ್ಯವನ್ನೇ ಬದಲಿಸದೆ ರಾಳ, ಒತ್ತಡ, ತಂತಿಗಳನ್ನು ಒಂದೊಂದಾಗಿ ನೋಡುವಂತೆ, ಕ್ಲಚ್ಚಿನ ಕವರು ಬಿಚ್ಚಿದ ಮೆಕ್ಯಾನಿಕ್ಕನೂ ಹೊಳಪು, ಪುಡಿ, ಎಣ್ಣೆ, ತುಕ್ಕುಗಳಲ್ಲಿ ಯಾವುದು ಕಂಡಿತೆಂದು ಮೊದಲು ಗುರುತಿಸಬೇಕು. ಸ್ಕೂಟರಿನ ಒಡೆಯರೂ ಹಣ ಕೊಡುವ ಮೊದಲು ಕೇಳಬೇಕಾದ ಪ್ರಶ್ನೆ ಅದೇ.