ಎಣ್ಣಿ ಹೊಡೆದದ್ದು ಎಲ್ಲಿ, ವಿಷ ಸಿಕ್ಕದ್ದು ಎಲ್ಲಿ?



ಬೆಳೆಗೆ ಕೀಟನಾಶಕ ಸಿಂಪಡಿಸುವುದಕ್ಕೆ ನಮ್ಮ ಕಡೆ ‘ಎಣ್ಣಿ ಹೊಡಿಯೋದು’ ಅಂತಾರ. ಹುಳ ಸತ್ತರ ಎಣ್ಣಿ ಕೆಲಸ ಅಲ್ಲಿಗೆ ಮುಗೀತು ಅಂತ ನಾವು ತಿಳಿದಿರುತ್ತೇವೆ. ಆದರೆ ಕೆಲವು ವಿಷ ಅಲ್ಲಿಗೆ ಮುಗಿಯುವುದಿಲ್ಲ.

ದಕ್ಷಿಣ ಧ್ರುವದ ಅಂಟಾರ್ಕ್ಟಿಕದಲ್ಲಿ ಹೊಲವೂ ಇಲ್ಲ, ಬೆಳೆಯೂ ಇಲ್ಲ. ಆದರೂ 1960ರ ದಶಕದಲ್ಲಿ ಅಲ್ಲಿಯ ಅಡೇಲಿ ಪೆಂಗ್ವಿನ್ ಹಕ್ಕಿಗಳ ಮೈಯಲ್ಲಿ ಡಿ.ಡಿ.ಟಿ. ಸಿಕ್ಕಿತು. ಅದು ಅಲ್ಲಿಗೆ ಹ್ಯಾಂಗ ಹೋತು? ಬಿಸಿಲಿನ ನಾಡಿನಲ್ಲಿ ಇಂಥ ವಿಷ ಆವಿಯಾಗಿ ಗಾಳಿ ಸೇರುತ್ತದೆ. ತಂಪು ಇರುವ ಕಡೆ ಕೆಳಗೆ ಇಳಿಯುತ್ತದೆ. ಮತ್ತೆ ಬಿಸಿಯಾದರೆ ಮೇಲೆ ಏಳುತ್ತದೆ. ಹೀಗೆ ಮಿಡತೆಯ ಹಾಗೆ ಜಿಗಿಯುತ್ತಾ ಧ್ರುವ ಮುಟ್ಟುತ್ತದೆ.

ಈಗ ಒಂದು ಲೆಕ್ಕ ಮಾಡೋಣ. ಸಮುದ್ರದ ಒಂದು ಸಣ್ಣ ಸೀಗಡಿಯಲ್ಲಿ ವಿಷದ 1 ಕಣ ಇದೆ ಎಂದುಕೊಳ್ಳಿ. ಒಂದು ಮೀನು ಅಂಥ 100 ಸೀಗಡಿ ತಿಂದರೆ 100 ಕಣ. ಒಂದು ಹಕ್ಕಿ ಅಂಥ 100 ಮೀನು ತಿಂದರೆ 10,000 ಕಣ! ಯಾಕಂದರೆ ಡಿ.ಡಿ.ಟಿ. ಕೊಬ್ಬಿನಲ್ಲಿ ಕೂಡುತ್ತದೆ, ಮೈಯಿಂದ ಬೇಗ ಹೊರಗೆ ಹೋಗುವುದಿಲ್ಲ. ತಾಯಿಯಿಂದ ಮೊಟ್ಟೆಗೂ ಇಳಿಯುತ್ತದೆ.

ಅದಕ್ಕೇ ಉತ್ತರ ಧ್ರುವದ ಕಡೆ, ಕೆನಡಾದ ಪ್ರಿನ್ಸ್ ಲಿಯೋಪೋಲ್ಡ್ ದ್ವೀಪದಲ್ಲಿ, ವಿಜ್ಞಾನಿಗಳು 1975ರಿಂದ ಕಡಲಹಕ್ಕಿಗಳ ಮೊಟ್ಟೆ ಪರೀಕ್ಷಿಸುತ್ತಾ ಬಂದಿದ್ದಾರೆ. ಅನೇಕ ದೇಶಗಳು ಡಿ.ಡಿ.ಟಿ. ನಿಲ್ಲಿಸಿದ ಮೇಲೆ ಮೊಟ್ಟೆಯಲ್ಲೂ ಅದು ಕಡಿಮೆಯಾಗುತ್ತಾ ಬಂತು. ಅಂದರೆ ನಾವು ನಿಲ್ಲಿಸಿದರೆ ಹಕ್ಕಿಗೆ ಗುಣವಾಗುತ್ತದೆ.

ನಮ್ಮ ಕನ್ನಡದವರೂ ಇಂಥ ವಿಷದಿಂದ ನೊಂದಿದ್ದಾರೆ. ಕಾಸರಗೋಡು ಜಿಲ್ಲೆಯ ಗೇರು ತೋಟಗಳ ಮೇಲೆ 2000ದವರೆಗೆ ಸುಮಾರು 20 ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಕರುಗಳು ಕಾಲು ಸೊಟ್ಟಾಗಿ ಹುಟ್ಟಿದ್ದನ್ನು ಪತ್ರಕರ್ತ ಶ್ರೀಪಡ್ರೆಯವರು ಮೊದಲೇ ಬರೆದಿದ್ದರು. ಆದರೂ ಸಿಂಪಡಣೆ ನಿಲ್ಲಲಿಲ್ಲ. ಮುಂದೆ ಪಡ್ರೆ ಊರಿನ ಡಾಕ್ಟರು ಮೋಹನ ಕುಮಾರ್ ಅವರು ಮನುಷ್ಯರಲ್ಲೂ ವಿಚಿತ್ರ ಕಾಯಿಲೆ ಕಂಡು ಎಚ್ಚರಿಸಿದರು. ಅಲ್ಲಿ ಎಷ್ಟೋ ಮಕ್ಕಳು ನಡೆಯಲಾರರು, ಮಾತಾಡಲಾರರು. ಉತ್ತರ ಧ್ರುವದ ಗಾಳಿಯಲ್ಲೂ ಪ್ರಾಣಿಗಳಲ್ಲೂ ಎಂಡೋಸಲ್ಫಾನ್ ಸಿಕ್ಕಿತ್ತು. ಇಂಥ ಕಾರಣಗಳಿಂದ 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಅದನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಮೇ ತಿಂಗಳಲ್ಲಿ ನಮ್ಮ ಸುಪ್ರೀಂ ಕೋರ್ಟು ಅದರ ತಯಾರಿಕೆ, ಮಾರಾಟ, ಬಳಕೆಗೆ ತಡೆ ಹಾಕಿತು.

ಇದರಿಂದ ನಾನು ತಿಳಿದದ್ದು ಇಷ್ಟು: ವಿಷದ ಸುದ್ದಿಯನ್ನು ಪ್ರಾಣಿ ಪಕ್ಷಿಗಳು ಮೊದಲು ಹೇಳುತ್ತವೆ, ಕೇಳುವವರು ಬೇಕು. ಸಮೀರವಾಡಿಯ ಕಬ್ಬಿನ ಹೊಲಕ್ಕೆ ನೀರು ಬಿಟ್ಟಾಗ ಬೆಳ್ಳಕ್ಕಿಗಳು ಬಂದು ಹುಳ ಆರಿಸಿ ತಿಂತಾವ. ಹುಳದಾಗ ಇದ್ದದ್ದು ಅವುಗಳ ಹೊಟ್ಟಿಗೂ ಹೋಗತೈತಿ.

ಆದ್ದರಿಂದ ಗೆಳೆಯರೇ, ಎಣ್ಣಿ ಡಬ್ಬಿಯ ಮೇಲಿನ ಬಣ್ಣ ನೋಡಿರಿ. ಕೆಂಪು ಇದ್ದರೆ ಎಲ್ಲಕ್ಕಿಂತ ಹೆಚ್ಚು ವಿಷ. ಆಮೇಲೆ ಹಳದಿ, ನೀಲಿ, ಹಸಿರು. ಪಂಪನ್ನು ಕಾಲುವೆಯಲ್ಲಿ ತೊಳೆಯಬ್ಯಾಡ್ರಿ, ಖಾಲಿ ಡಬ್ಬಿ ಹಳ್ಳಕ್ಕೆ ಒಗೀಬ್ಯಾಡ್ರಿ ಅಂತ ಮನೆಯಲ್ಲಿ ಅಪ್ಪ, ಕಾಕಾ, ಅಣ್ಣಂದಿರಿಗೆ ಹೇಳಿರಿ. ಹರಿಯುವ ನೀರು ಮುಂದಿನ ಊರಿಗೂ ಬೇಕು.