ಡಿಜಿಟಲ್ ಸಹಿಯ ತಂತ್ರಾಂಶವನ್ನು ಬ್ರೌಸರ್ ಗುರುತಿಸದಿದ್ದಾಗ

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಅನ್ವಯ ಡಿಜಿಟಲ್ ಸಹಿಗೆ ಕಾನೂನಿನ ಮಾನ್ಯತೆಯಿದೆ. ಕಂಪನಿಗಳು ಜಿ.ಎಸ್.ಟಿ. ರಿಟರ್ನಿಗೆ ಈ ಸಹಿಯನ್ನು ಹಾಕಬೇಕಾಗುತ್ತದೆ. ಕೊನೆಯ ದಿನ ಸಹಿ ಬೀಳದೆ ಹೋದರೆ ವಿಳಂಬ ಶುಲ್ಕ ತೆರಬೇಕಾದೀತು.

ಹಿಂದೆ ಜಾವಾ ಪ್ಲಗ್-ಇನ್ ಎಂಬ ಉಪತಂತ್ರಾಂಶವು ಬ್ರೌಸರಿನ ಒಳಗಿದ್ದುಕೊಂಡೇ ಇಂತಹ ಕಾರ್ಯವನ್ನು ನಿರ್ವಹಿಸುತ್ತಿತ್ತು. ಸುರಕ್ಷತೆಯ ದೃಷ್ಟಿಯಿಂದ ಕ್ರೋಮ್ 2015ರಲ್ಲಿಯೂ ಫೈರ್‌ಫಾಕ್ಸ್ 2017ರಲ್ಲಿಯೂ ಅದಕ್ಕೆ ಅವಕಾಶವನ್ನು ನಿಲ್ಲಿಸಿದವು. ಆದುದರಿಂದ ಈ ಬ್ರೌಸರುಗಳಿಗಾಗಿ ಹಳೆಯ ಪ್ಲಗ್-ಇನ್ನನ್ನು ಪುನಃ ಸ್ಥಾಪಿಸುವುದು ವ್ಯರ್ಥ.

ಜಿ.ಎಸ್.ಟಿ. ಪೋರ್ಟಲ್ ಬಳಸುವ ಇಮ್‌ಸೈನರ್ ತಂತ್ರಾಂಶವು ಬ್ರೌಸರಿನ ಹೊರಗೆ, ಅದೇ ಗಣಕಯಂತ್ರದಲ್ಲಿ ನಡೆಯುತ್ತದೆ. ಬ್ರೌಸರ್ ಅದನ್ನು 127.0.0.1 ಎಂಬ ವಿಳಾಸದ ಮೂಲಕ ಸಂಪರ್ಕಿಸುತ್ತದೆ. ತಂತ್ರಾಂಶವನ್ನು ಸ್ಥಾಪಿಸಿದರಷ್ಟೇ ಸಾಲದು. ಸಹಿ ಹಾಕುವ ವೇಳೆಯಲ್ಲಿ ಅದು ಚಾಲನೆಯಲ್ಲಿರಬೇಕು.

ಬಳಕೆದಾರರು ಈ ಕ್ರಮವನ್ನು ಅನುಸರಿಸಬಹುದು:

(1) ಸಹಿಯ ಟೋಕನ್ನನ್ನು ಜೋಡಿಸಿ, ಅದರ ಡ್ರೈವರ್ ಸ್ಥಾಪಿತವಾಗಿದೆಯೇ ಎಂದು ನೋಡಬೇಕು.

(2) ಪ್ರಮಾಣಪತ್ರದ ಅವಧಿ ಮುಗಿದಿಲ್ಲವೆಂದೂ ಅದು ಪೋರ್ಟಲಿನಲ್ಲಿ ನೋಂದಣಿಯಾಗಿದೆಯೆಂದೂ ಖಚಿತಪಡಿಸಿಕೊಳ್ಳಬೇಕು.

(3) ಇಮ್‌ಸೈನರನ್ನು ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ತೆರೆಯಬೇಕು.

(4) ಪೋರ್ಟಲ್ ಸೂಚಿಸುವ 127.0.0.1 ವಿಳಾಸವನ್ನು ತೆರೆದಾಗ ಬ್ರೌಸರ್ ಎಚ್ಚರಿಕೆ ನೀಡಿದರೆ, ಮುಂದುವರಿಯಲು ಒಪ್ಪಿಗೆ ಕೊಡಬೇಕು.

(5) ಬ್ರೌಸರನ್ನು ಮುಚ್ಚಿ, ಪುನಃ ತೆರೆದು ಪ್ರಯತ್ನಿಸಬೇಕು.

127.0.0.1 ಎಂಬುದು ತಮ್ಮ ಗಣಕಯಂತ್ರದ್ದೇ ವಿಳಾಸವಾದ ಕಾರಣ ಈ ಒಪ್ಪಿಗೆ ಸಲ್ಲುತ್ತದೆ. ಬೇರಾವುದೇ ತಾಣದಲ್ಲಿ ಇಂತಹ ಎಚ್ಚರಿಕೆ ಕಂಡರೆ ಅದನ್ನು ಕಡೆಗಣಿಸಬಾರದು. ಟೋಕನ್ನಿನ ಗುಪ್ತಸಂಖ್ಯೆಯನ್ನು ಊಹಿಸಿ ಹಾಕುವುದೂ ತರವಲ್ಲ. ಹಲವು ಬಾರಿ ತಪ್ಪಿದರೆ ಟೋಕನ್ ಮುಚ್ಚಿಹೋಗುತ್ತದೆ. ಗಡುವಿಗೆ ಕೆಲವು ದಿನ ಮೊದಲೇ ಇವೆಲ್ಲವನ್ನೂ ಪರೀಕ್ಷಿಸಿಕೊಳ್ಳುವುದು ಕ್ಷೇಮಕರ.