ಸುಗಂಧದ ಡಬ್ಬಿಯೋ, ಸಂತರ ಕರಂಡಕವೋ?

ಪ್ರಶ್ನೆ: ಮಧ್ಯಯುಗದ ಯುರೋಪಿನಲ್ಲಿ ಸಂತರ ಅವಶೇಷಗಳನ್ನಿಡುತ್ತಿದ್ದ ಕರಂಡಕಗಳೂ ಸುಗಂಧದ ಡಬ್ಬಿಗಳೂ ನೋಡಲು ಒಂದೇ ತರಹ ಇರುತ್ತವೆ. ಯಾವುದು ಯಾವುದೆಂದು ಹೇಗೆ ಗುರುತಿಸುತ್ತಾರೆ?

ಮೊದಲು ತೂತುಗಳನ್ನು ಹುಡುಕುತ್ತಾರೆ. ಪ್ಲೇಗು ಕೆಟ್ಟ ಗಾಳಿಯಿಂದ ಹರಡುತ್ತದೆಂದು ಜನ ನಂಬಿದ್ದ ಕಾಲ ಅದು. ಕಸ್ತೂರಿ, ಪುನುಗು, ಅಂಬರ್‌ಗ್ರಿಸ್ ಬೆರೆಸಿದ ಉಂಡೆಯನ್ನು ಬೆಳ್ಳಿಯ ಡಬ್ಬಿಯಲ್ಲಿಟ್ಟು, ಸೊಂಟಕ್ಕೋ ಕೊರಳಿಗೋ ತೂಗಿಸಿಕೊಂಡು, ಆಗಾಗ ಮೂಗಿಗೆ ಹಿಡಿಯುತ್ತಿದ್ದರು. ಇದೇ ಪೊಮಾಂಡರ್. ವಾಸನೆ ಹೊರಬರಬೇಕಾದ್ದರಿಂದ ಮೈತುಂಬ ಜಾಲರಿ. ಉಂಡೆ ಬದಲಿಸಬೇಕಾದ್ದರಿಂದ ಸುಲಭವಾಗಿ ತೆರೆಯುವ ಕೀಲು.

ಕರಂಡಕದ ಲೆಕ್ಕವೇ ಬೇರೆ. ನಮ್ಮ ತಾಯತದ ಹಾಗೆ, ಒಳಗಿರುವುದು ಒಳಗೇ ಭದ್ರವಾಗಿರಬೇಕು. ಮೂಳೆಯ ಚೂರನ್ನೋ ಬಟ್ಟೆಯ ತುಣುಕನ್ನೋ ಇಟ್ಟು ಬಿಗಿಯಾಗಿ ಮುಚ್ಚುತ್ತಿದ್ದರು. ಭಕ್ತರು ನೋಡಲೆಂದು ಕೆಲವಕ್ಕೆ ಸ್ಫಟಿಕದ ಕಿಟಕಿ. ಒಳಗೆ ಸಂತನ ಹೆಸರು ಬರೆದ ಚರ್ಮದ ಚೀಟಿ ಸಿಕ್ಕಿತೆಂದರೆ ಅನುಮಾನಕ್ಕೆ ಜಾಗವೇ ಇಲ್ಲ.

ಅಕ್ಷರ ಕಂಡಾಕ್ಷಣ ಕರಂಡಕ ಎನ್ನುವಂತಿಲ್ಲ. ಹಲವು ಖಾನೆಗಳಾಗಿ ಬಿಚ್ಚಿಕೊಳ್ಳುವ, ನಂತರದ ಕಾಲದ ಪೊಮಾಂಡರ್‌ಗಳಲ್ಲಿ ಖಾನೆಗೊಂದು ಹೆಸರು ಕೊರೆದಿರುತ್ತಾರೆ. ಓದಿದರೆ ಲವಂಗ, ದಾಲ್ಚಿನ್ನಿ!

ಒಂದೇ ವಸ್ತು ಎರಡೂ ಆಗಿರುವುದುಂಟು, ತಜ್ಞರಿಗೆ ನಿಜವಾದ ತಲೆನೋವು ಇದೇ. ವೆನಿಸ್‌ನ ಸಂತ ಮಾರ್ಕನ ಚರ್ಚಿನ ಭಂಡಾರದಲ್ಲಿ ಗುಮ್ಮಟಗಳುಳ್ಳ ಪುಟ್ಟ ಕಟ್ಟಡದಂಥ ಬೆಳ್ಳಿಯ ಪಾತ್ರೆಯೊಂದಿದೆ. ಅದರ ಗೋಡೆಗಳಲ್ಲಿ ಜಾಲರಿ ಕೆಲಸವಿದೆ. ಮೂಲತಃ ಅದು ಧೂಪದ ಪಾತ್ರೆಯೋ ದೀಪವೋ ಆಗಿದ್ದಿರಬೇಕೆಂದು ವಿದ್ವಾಂಸರ ಊಹೆ. ಮುಂದೆ ಚರ್ಚು ಅದರಲ್ಲಿ ಇಟ್ಟದ್ದು ಕ್ರಿಸ್ತನ ರಕ್ತವೆಂದು ನಂಬಲಾದ ಅವಶೇಷವನ್ನು.